ಪಾಟೀಸವಾಲಿನ ದಿನ

ಕ್ರಿಮಿನಲ್ ವಕೀಲ ಅಂದರೆ ಜೋರು ದನಿ ಇರಬೇಕು, ಸಾಕ್ಷಿ ಗಡಗಡ ನಡುಗಬೇಕು ಅಂತ ನಮ್ಮೂರಲ್ಲಿ ಎಲ್ಲರೂ ನಂಬಿದ್ದಾರೆ. ಸೋದರಮಾವನ ಕೇಸಿಗೆ ವಕೀಲರನ್ನು ಹುಡುಕುವಾಗಲೂ ಬೀಗರು ಹೇಳಿದ್ದು ಅದನ್ನೇ: "ಗದ್ದಲ ಮಾಡೋರನ್ನ ಹಿಡೀರಿ." ನಮಗೆ ಸಿಕ್ಕವರು ಮೆಲ್ಲಗೆ ಮಾತಾಡುವ ಹಿರಿಯರು. ಹುಬ್ಬಳ್ಳಿ ವಿದ್ಯಾನಗರದ ಕೋರ್ಟಿನಲ್ಲಿ ಅವರು ಪಾಟೀಸವಾಲು, ಅಂದರೆ ಎದುರು ಕಡೆಯ ಸಾಕ್ಷಿಗೆ ಪ್ರಶ್ನೆ, ಮಾಡಿದ ದಿನ ನಾನು ಹಿಂದಿನ ಬೆಂಚಿನಲ್ಲಿ ಕೂತಿದ್ದೆ.

ಕೇಸು ಹೊಲದ ಬದುವಿನದು. 2022ರ ಎಳ್ಳ ಅಮವಾಸ್ಯೆ ಹಿಂದಿನ ದಿನ ಜಗಳವಾಗಿ ಪಕ್ಕದ ಹೊಲದವರ ಕೈಗೆ ಗಾಯವಾಯಿತು. ಮಾವ ಕುಡಗೋಲು ಬೀಸಿದ ಅಂತ ಐಪಿಸಿ 307 ಬಿತ್ತು, ಕೊಲೆಗೆ ಯತ್ನ. ಐಪಿಸಿ ಬದಲಿಗೆ ಹೊಸ ನ್ಯಾಯ ಸಂಹಿತೆ ಜಾರಿಗೆ ಬಂದಿದ್ದು 2024ರ ಜುಲೈ 1ಕ್ಕೆ. ಅದಕ್ಕೂ ಮುಂಚಿನ ಘಟನೆಗೆ ಹಳೇ ಕಲಮೇ ನಡೆಯುತ್ತದೆ.

ಮೊದಲ ಸಲ ಹೋದಾಗ ವಕೀಲರು ನಮ್ಮನ್ನೆಲ್ಲ ಹೊರಗೆ ಕೂರಿಸಿ ಮಾವನ ಜೊತೆ ಒಬ್ಬರೇ ಮಾತಾಡಿದರು. ಒಳಗೆ ಏನು ಮಾತಾಯಿತು ಅಂತ ನಮಗೆ ಇವತ್ತಿಗೂ ಗೊತ್ತಿಲ್ಲ. ಕಕ್ಷಿದಾರ ಹೇಳಿದ್ದನ್ನು ವಕೀಲ ಹೊರಗೆ ಬಿಡುವ ಹಾಗಿಲ್ಲ, ಕಾನೂನೇ ಹಾಗಿದೆ. ಆಮೇಲೆ ನಮಗೆ ಹೇಳಿದ್ದು ಒಂದೇ ಮಾತು: "ಸಾಕ್ಷಿದಾರರ ಮನಿ ಕಡೆ ಯಾರೂ ಸುಳೀಬ್ಯಾಡ್ರಿ." ಗೆಲ್ಲಿಸಿ ಕೊಡ್ತೀನಿ ಅಂತ ಅನ್ನಲಿಲ್ಲ. ಅದೇ ನನಗೆ ಧೈರ್ಯ ಕೊಟ್ಟಿತು.

ಮುಂದಿನ ವರ್ಷ ಅದೇ ಹಂಗಾಮಿಗೆ ಅವರು ಹೊಲಕ್ಕೇ ಬಂದರು. ಕೈಯಲ್ಲಿ ಪಂಚನಾಮೆ, ಜೊತೆಗೆ ಪೊಲೀಸರು ಬರೆದ ಜಾಗದ ನಕಾಶೆ. ಜೂನಿಯರ್‌ನನ್ನು ಬದುವಿನ ಮೇಲೆ ನಿಲ್ಲಿಸಿ ತಾವು ರಸ್ತೆಗೆ ನಡೆದರು. ಅಲ್ಲಿಂದ ತಿರುಗಿ ನೋಡಿದರು, ನಾಲ್ಕು ಹೆಜ್ಜೆ ಆಚೆ ಸರಿದು ಮತ್ತೆ ನೋಡಿದರು. ಬಿಸಿಲಲ್ಲಿ ಕೋಟು ತೋಳಿಗೆ ಹಾಕಿಕೊಂಡು ಎರೆ ಹೊಲದಲ್ಲಿ ಓಡಾಡಿದ ಆ ವಯಸ್ಸಾದ ಮನುಷ್ಯನ ಮೇಲೆ ನನಗೆ ಗೌರವ ಹುಟ್ಟಿದ್ದು ಅವತ್ತೇ.

ಈಗ ಕೋರ್ಟಿನ ಮಾತು. ಕಣ್ಣಾರೆ ಕಂಡೆ ಅಂದ ಸಾಕ್ಷಿ ನಮ್ಮೂರಿನವರೇ. ರಸ್ತೆಯಲ್ಲಿ ನಿಂತು ಕುಡಗೋಲು ಬೀಸಿದ್ದನ್ನು ನೋಡಿದೆ ಅಂತ ಸರ್ಕಾರಿ ವಕೀಲರ ಮುಂದೆ ಹೇಳಿದ್ದರು. ನಮ್ಮ ವಕೀಲರು ಎದ್ದು, "ಯಜಮಾನ್ರ, ನೀರು ಬೇಕೇನ್ರಿ?" ಅಂದರು. ಆಮೇಲೆ ಸುಮ್ನೆ ಊರಿನ ಮಾತಿನ ಹಾಗೆ ಕೇಳುತ್ತಾ ಹೋದರು. ಅವತ್ತು ಚರಗಕ್ಕೆ, ಅಂದರೆ ಎಳ್ಳ ಅಮವಾಸ್ಯೆಗೆ ಹೊಲದಲ್ಲಿ ಎಡೆ ಚೆಲ್ಲೋದಕ್ಕೆ, ತಯಾರಿ ನಡೆದಿತ್ತಲ್ವಾ? ಹೌದು. ಆ ವರ್ಷ ಮಳೆ ಚಲೋ ಆಗಿತ್ತಲ್ವಾ? ಹೌದು. ರಸ್ತೆಗೂ ಬದುವಿಗೂ ನಡುವೆ ಬಿಳಿಜೋಳ ಇತ್ತಲ್ವಾ?

"ಇತ್ತುರೀ."

"ಎಷ್ಟ ಎತ್ತರ ಬೆಳದಿತ್ರಿ?"

"ಆಳೆತ್ತರ ಇತ್ತುರೀ. ಅಷ್ಟು ಚಲೋ ಪೀಕು ಬಂದಿತ್ತು."

ನನಗೆ ಕೂತಲ್ಲೇ ಕೂರಲಾಗಲಿಲ್ಲ. ಈಗ ಕೇಳ್ತಾರೆ, "ಹಾಗಾದ್ರೆ ಹೆಂಗ ಕಂಡಿತು?" ಅಂತ. ಅವರು ಕೇಳಲಿಲ್ಲ! ಕೇಳಿದ್ದರೆ ಆತ "ದಿಬ್ಬದ ಮೇಲೆ ನಿಂತಿದ್ದೆ" ಅಂತ ಏನಾದರೂ ಹೇಳಿ ತಪ್ಪಿಸಿಕೊಳ್ಳುತ್ತಿದ್ದ ಅಂತ ಜೂನಿಯರ್ ಆಮೇಲೆ ಬಿಡಿಸಿ ಹೇಳಿದ. ಆ ಪ್ರಶ್ನೆಯನ್ನು ವಕೀಲರು ವಾದದ ದಿನಕ್ಕೆ ಉಳಿಸಿಕೊಂಡರು. ಅಷ್ಟು ಹತ್ತಿರ ಬಂದು ಬಾಯಿ ಕಟ್ಟಿಕೊಳ್ಳುವುದು ಎಂಥ ಕಷ್ಟ!

ಅಷ್ಟರಲ್ಲಿ ಟೈಪ್ ಆಗಿದ್ದು "ಜೋಳದ ಬೆಳೆ ಇತ್ತು" ಅಂತ ಮಾತ್ರ. ಅವರು ತಕ್ಷಣ, "ಸ್ವಾಮಿ, ಸಾಕ್ಷಿ ಆಳೆತ್ತರ ಅಂದಾರ, ಅದು ಬರಬೇಕು" ಅಂದರು. ನ್ಯಾಯಾಧೀಶರು ಸೇರಿಸಿದರು. ಇದು ಸಣ್ಣ ಮಾತಲ್ಲ. ನಾಳೆ ಕೇಸು ಅಪೀಲಿಗೆ ಧಾರವಾಡದ ಹೈಕೋರ್ಟ್ ಪೀಠಕ್ಕೆ ಹೋದರೆ ಅಲ್ಲಿ ಈ ಸಾಕ್ಷಿಯೂ ಇರುವುದಿಲ್ಲ, ಈ ಹೊಲವೂ ಕಾಣುವುದಿಲ್ಲ. ಕಾಗದದಲ್ಲಿ ಇದ್ದರಷ್ಟೇ ಇದ್ದ ಹಾಗೆ.

ಕೊನೆಗೆ, ಪೊಲೀಸರು ಬರೆದುಕೊಂಡ ಆತನ ಹೇಳಿಕೆ ತೆಗೆದರು. ಅದರಲ್ಲಿ "ಚೀರಿದ್ದು ಕೇಳಿ ಓಡಿ ಬಂದೆ" ಅಂತಿತ್ತು. ಆ ಸಾಲನ್ನು ಸಾಕ್ಷಿಗೆ ಓದಿ ಹೇಳಿ, ಆರೋಪಿ ಕಡೆಯ ದಾಖಲೆಯಾಗಿ ಡಿ-1 ಅಂತ ಗುರುತು ಮಾಡಿಸಿ ಕೂತರು. ಸಿಆರ್‌ಪಿಸಿ 161ನೇ ಕಲಮಿನಡಿ ಪೊಲೀಸರು ಬರೆದುಕೊಳ್ಳುವ ಇಂಥ ಹೇಳಿಕೆಯನ್ನು ಆರೋಪಿ ಕಡೆಯವರು ಬಳಸಬಹುದಾದದ್ದು ಸಾಕ್ಷಿಯ ಮಾತಿನ ವ್ಯತ್ಯಾಸ ತೋರಿಸೋಕೆ ಮಾತ್ರ. ಅದನ್ನು ಬರೆದುಕೊಂಡ ಅಧಿಕಾರಿ ಬಂದಾಗ ಅವರಿಗೂ ಕೇಳಬೇಕು. ಒಂದು ಹೆಜ್ಜೆ ತಪ್ಪಿದರೂ ಆ ಸಾಲು ಉಪಯೋಗಕ್ಕೆ ಬರುವುದಿಲ್ಲ.

"ಹೊಡೆದವನ ಪರ ನಿಲ್ಲೋರು ಎಂಥವರು?" ಅಂತ ಊರಲ್ಲಿ ಕೇಳಿದವರಿದ್ದಾರೆ. ನನಗೆ ಇದು ತುಂಬ ನೋವು ಕೊಡುವ ಮಾತು. ಇಂಥವರ ಪರ ಯಾರೂ ನಿಲ್ಲಬಾರದು ಅಂತ ವಕೀಲರ ಸಂಘಗಳು ಮಾಡುವ ನಿರ್ಣಯಕ್ಕೆ ಬೆಲೆಯೇ ಇಲ್ಲ ಅಂತ ಸುಪ್ರೀಂ ಕೋರ್ಟ್ 2010ರಲ್ಲೇ ಹೇಳಿದೆ. ಆದರೂ 2020ರಲ್ಲಿ ನಮ್ಮ ಹುಬ್ಬಳ್ಳಿಯಲ್ಲೇ ಅಂಥ ನಿರ್ಣಯವಾಗಿ, ಅದು ಹೈಕೋರ್ಟ್ ಮೆಟ್ಟಿಲೇರಿತ್ತು. ನಮ್ಮ ಮನೆಯವರೊಬ್ಬರು ಕಟಕಟೆಯಲ್ಲಿ ನಿಂತಾಗಲೇ ಇದರ ಬಿಸಿ ತಟ್ಟುತ್ತದೆ.

ಸಂಜೆ ಆಫೀಸಿನಲ್ಲಿ ಮಾವ ತಡೆಯಲಾರದೆ, "ಗೆದ್ದಂಗ ಆತೇನ್ರಿ ಸಾಹೇಬ್ರ?" ಅಂದ. ವಕೀಲರು ಆಗಲೇ ಮುಂದಿನ ಹಾಳೆ ತಿರುವಿದ್ದರು. "ಡಾಕ್ಟರ್ ಸಾಕ್ಷಿ ಇನ್ನೂ ಆಗಬೇಕ್ರಿ. ಈ ಗಾಯದ ಸರ್ಟಿಫಿಕೇಟು ಝೆರಾಕ್ಸ್‌ನ್ಯಾಗ ಸರಿಯಾಗಿ ಕಾಣವಲ್ದು. ನಾಳೆ ನಕಲಿಗೆ ಅರ್ಜಿ ಹಾಕೋಣು."