ಸ್ಟೇಜ್ ಮೇಲೆ ಎಷ್ಟು ಪ್ಲಗ್ ಪಾಯಿಂಟ್ ಬೇಕು?

ಬೆಂಗಳೂರಿನಲ್ಲಿ ಬ್ಯಾಂಡ್‌ಗಳಿಗೆ ಸೌಂಡ್ ನೋಡಿಕೊಳ್ಳುವುದು ನನ್ನ ಕೆಲಸ. ಮೊದಲ ಎರಡು ವರ್ಷ ಗಿಟಾರ್ ಎಷ್ಟಿರಬೇಕು, ಹಾಡುವವರ ದನಿ ಎಷ್ಟಿರಬೇಕು ಅನ್ನುವುದರಲ್ಲೇ ತಲೆ ಮುಳುಗಿರುತ್ತಿತ್ತು. ಒಂದು ಬ್ಯಾಂಡ್ ಇಳಿದು ಇನ್ನೊಂದು ಹತ್ತುವ ಆ ಹದಿನೈದು ನಿಮಿಷದ ಬಗ್ಗೆ ಯೋಚಿಸಿಯೇ ಇರಲಿಲ್ಲ. ಒಂದು ಶನಿವಾರ ಅದೇ ಕೈಕೊಟ್ಟಿತು.

ಇಂದಿರಾನಗರದ ಒಂದು ಚಿಕ್ಕ ಜಾಗ, ಮೂರನೇ ಮಹಡಿಯ ತೆರೆದ ಟೆರೇಸ್. 120 ಜನ ಬಂದರೆ ಕಾಲಿಡಲು ಜಾಗ ಇರುವುದಿಲ್ಲ. ಆ ದಿನ ನಾಲ್ಕು ಬ್ಯಾಂಡ್, ಎಲ್ಲರದ್ದೂ ಸ್ವಂತ ಹಾಡು. ಒಬ್ಬೊಬ್ಬರಿಗೆ 35 ನಿಮಿಷ, ನಡುವೆ 15 ನಿಮಿಷ. 6.45ಕ್ಕೆ ಶುರು ಮಾಡಿದರೆ 9.50ಕ್ಕೆ ಮುಗಿಯುತ್ತದೆ. ಕೈಯಲ್ಲಿ ಹತ್ತು ನಿಮಿಷ ಉಳಿಯುತ್ತದೆ, ಅಷ್ಟೇ. 2000ದ ಶಬ್ದಮಾಲಿನ್ಯ ನಿಯಮದ ಪ್ರಕಾರ ತೆರೆದ ಜಾಗದಲ್ಲಿ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಸ್ಪೀಕರ್ ಹಾಕುವಂತಿಲ್ಲ. ಹಿಂದಿನ ರಸ್ತೆ ಪೂರ್ತಿ ಮನೆಗಳು. 10.01ಕ್ಕೆ ಫೋನ್ ಬರುತ್ತದೆ. ಬರಲಿ, ಅವರೂ ಮಲಗಬೇಕಲ್ವಾ?

ಸೌಂಡ್‌ಚೆಕ್ ಉಲ್ಟಾ ನಡೆಯುತ್ತದೆ. ಕೊನೆಗೆ ನುಡಿಸುವವರು ಮೊದಲು, ಮೊದಲು ನುಡಿಸುವವರು ಕೊನೆಗೆ. ಆಗ ಶೋ ಶುರುವಾಗುವಾಗ ಮೊದಲ ಬ್ಯಾಂಡಿನ ಸಾಮಾನು ಸ್ಟೇಜ್ ಮೇಲೆ ಇದ್ದಲ್ಲೇ ಇರುತ್ತದೆ. ಹಾಗಾಗಿ ಮೈಸೂರಿನಿಂದ ಬಂದ ಕೊನೆಯ ಬ್ಯಾಂಡ್ ಮಧ್ಯಾಹ್ನ ಮೂರಕ್ಕೇ ಚೆಕ್ ಮುಗಿಸಿ ಕಾಯುತ್ತಾ ಕೂತಿತ್ತು. ಮೂರನೆಯವರು ಸಿಲ್ಕ್ ಬೋರ್ಡ್ ಟ್ರಾಫಿಕ್‌ನಲ್ಲಿ ಸಿಕ್ಕಿಹಾಕಿಕೊಂಡು ಬರುವಷ್ಟರಲ್ಲಿ ಚೆಕ್ ಸಮಯ ಮುಗಿದಿತ್ತು. ‘ಏನೇನು ತರ್ತೀರಿ?’ ಅಂತ ನಾನು ಮೊದಲೇ ವಾಟ್ಸಾಪ್‌ನಲ್ಲಿ ಕೇಳಿದ್ದೆ. ‘ನಾರ್ಮಲ್ ಸೆಟಪ್ ಬ್ರೋ’ ಅಂತ ಉತ್ತರ ಬಂದಿತ್ತು. ನಾನು ಹೆಬ್ಬೆರಳು ತೋರಿಸಿ ಸುಮ್ಮನಾಗಿದ್ದೆ.

ಅವರು ಸ್ಟೇಜ್ ಹತ್ತಿದಾಗ ನೋಡಿದರೆ ಡ್ರಮ್ಸ್, ಬೇಸ್, ಗಿಟಾರ್ ಜೊತೆಗೆ ಪಿಕಪ್ (ಪುಟ್ಟ ಮೈಕ್‌ನಂಥದ್ದು) ಹಾಕಿದ ವಯೊಲಿನ್, ಕೀಬೋರ್ಡ್, ಮೊದಲೇ ರೆಕಾರ್ಡ್ ಮಾಡಿದ ಟ್ರ್ಯಾಕ್ ನುಡಿಸಲು ಒಂದು ಲ್ಯಾಪ್‌ಟಾಪ್. ವಾದ್ಯವನ್ನು ಮೈಕ್ ಇಲ್ಲದೆ ನೇರ ಮಿಕ್ಸರ್‌ಗೆ ಸೇರಿಸುವ ಪುಟ್ಟ ಪೆಟ್ಟಿಗೆಗೆ ಡಿಐ ಬಾಕ್ಸ್ ಅನ್ನುತ್ತೇವೆ. ನನ್ನ ಹತ್ತಿರ ಇದ್ದದ್ದು ಎರಡೇ, ಅದರಲ್ಲಿ ಒಂದು ಬೇಸ್‌ಗೇ ಹೋಗಿತ್ತು. ಕೀಬೋರ್ಡನ್ನು ಅಲ್ಲಿದ್ದ ಗಿಟಾರ್ ಆಂಪ್‌ಗೆ ಹಾಕಿ ಮುಂದೆ ಒಂದು ಮೈಕ್ ಇಟ್ಟೆ. ಕೇಳಲು ಅಷ್ಟೇನೂ ಚೆನ್ನಾಗಿರಲಿಲ್ಲ. ಎಕ್ಸ್‌ಟೆನ್ಷನ್ ಬೋರ್ಡ್ ಸಾಲಲಿಲ್ಲ, ಬಾರ್ ಕೌಂಟರ್‌ನಿಂದ ಒಂದು ತಂದೆ. ಲ್ಯಾಪ್‌ಟಾಪ್ ಸೇರಿಸಿದ ತಕ್ಷಣ ಸ್ಪೀಕರ್ ಪೂರ್ತಿ ‘ಗುಂಯ್’ ಅಂತ ಹಮ್. ಕೇಬಲ್ ಬದಲಾಯಿಸಿದೆ, ಚಾನೆಲ್ ಬದಲಾಯಿಸಿದೆ, ಹಮ್ ಹೋಗಲಿಲ್ಲ. ಒಂಬತ್ತು ನಿಮಿಷ ಅದಕ್ಕೇ ಹೋಯಿತು. ಕೊನೆಗೆ ಲ್ಯಾಪ್‌ಟಾಪ್ ಚಾರ್ಜರ್ ಕಿತ್ತೆ. ಹಮ್ ತಟ್ಟನೆ ನಿಂತಿತು! ಅರ್ತ್ ಎರಡು ದಾರಿಯಲ್ಲಿ ಸೇರಿಕೊಂಡರೆ ನಮ್ಮ 50 ಹರ್ಟ್ಸ್ ಕರೆಂಟು ಹೀಗೆ ಹಾಡುತ್ತದೆ. ಓದಿದ ವಿಷಯವೇ. ಆದರೆ 120 ಜನ ತಿರುಗಿ ನೋಡುತ್ತಿದ್ದಾಗ ಓದಿದ್ದು ನೆನಪಾಗಬೇಕಲ್ಲ?

ಹದಿನೈದು ನಿಮಿಷದ ಕೆಲಸಕ್ಕೆ 32 ನಿಮಿಷ ಹಿಡಿಯಿತು. ಮೊದಲ ಬ್ಯಾಂಡ್ ಆಗಲೇ ಐದು ನಿಮಿಷ ಜಾಸ್ತಿ ನುಡಿಸಿತ್ತು. ಮೈಸೂರಿನವರಿಗೆ ಉಳಿದದ್ದು 23 ನಿಮಿಷ.

ಹಾಡುವ ಹುಡುಗಿ ನನ್ನ ಹತ್ತಿರ ಬಂದು ಕೇಳಿದಳು, ‘ಅಣ್ಣಾ, ಎಷ್ಟು ಹಾಡು ಆಗುತ್ತೆ?’

‘ನಾಲ್ಕು.’

ಅವರು ಏಳು ತಯಾರು ಮಾಡಿಕೊಂಡು ಬಂದಿದ್ದರು. ಎಲ್ಲರಿಗಿಂತ ಮೊದಲು ಬಂದವರಿಗೇ ಕಡಿಮೆ ಸಮಯ. ಮೂರನೇ ಬ್ಯಾಂಡಿನ ಮೇಲೆ ಸಿಟ್ಟು ಮಾಡಿಕೊಳ್ಳುವುದು ಸುಲಭವಿತ್ತು. ಅವರ ಪಾಲಿಗೆ ಅದು ನಿಜಕ್ಕೂ ನಾರ್ಮಲ್ ಸೆಟಪ್ಪೇ. ಕೇಳಿದ ರೀತಿ ನನ್ನದು ತಪ್ಪು. ಶೋ ಮುಗಿದ ಮೇಲೆ ಮೈಸೂರಿನವರಿಗೆ ಅದನ್ನೇ ಹೇಳಿ ಕ್ಷಮೆ ಕೇಳಿದೆ. ‘ಪರವಾಗಿಲ್ಲ’ ಅಂದರು. ಮುಖ ನೋಡಿದರೆ ಪರವಾಗಿಲ್ಲ ಅನ್ನುವ ಹಾಗಿರಲಿಲ್ಲ.

ಈಗ ನಾನು ಮೆಸೇಜ್ ಮಾಡುವುದಿಲ್ಲ, ಫೋನ್ ಮಾಡುತ್ತೇನೆ. ವಾದ್ಯ ಯಾವುದು ಅಂತ ಆಮೇಲೆ ಕೇಳುತ್ತೇನೆ. ಮೊದಲ ಪ್ರಶ್ನೆ: ‘ಸ್ಟೇಜ್ ಮೇಲೆ ಎಷ್ಟು ಪ್ಲಗ್ ಪಾಯಿಂಟ್ ಬೇಕು, ಯಾವುದು ಯಾರ ಕಾಲ ಹತ್ತಿರ?’ ಇದಕ್ಕೆ ‘ನಾರ್ಮಲ್’ ಅಂತ ಉತ್ತರ ಕೊಡಲು ಆಗುವುದಿಲ್ಲ. ಎಣಿಸಲೇಬೇಕು. ಎಣಿಸುವಾಗ ಲ್ಯಾಪ್‌ಟಾಪ್, ಗಿಟಾರ್ ದನಿ ಬದಲಿಸುವ ಪೆಡಲ್ ಬೋರ್ಡ್, ಕೀಬೋರ್ಡ್ ಎಲ್ಲ ತಾನಾಗೇ ಹೊರಬರುತ್ತವೆ. ಡಿಐ ಬಾಕ್ಸ್ ಈಗ ಆರು ಇವೆ, ನನ್ನ ದುಡ್ಡಲ್ಲೇ ಕೊಂಡದ್ದು.

ಹೋದ ವಾರ ಒಬ್ಬ ಗಿಟಾರಿಸ್ಟ್‌ಗೆ ಇದೇ ಕೇಳಿದೆ. ‘ನಾಲ್ಕು ಅಣ್ಣಾ. ಎರಡು ಪೆಡಲ್‌ಗೆ, ಒಂದು ಕೀಬೋರ್ಡ್‌ಗೆ’ ಅಂದು ನಿಲ್ಲಿಸಿದ. ‘ನಾಲ್ಕನೆಯದು?’ ಅಂದೆ.

‘ನಮ್ಮ ಡ್ರಮ್ಮರ್‌ಗೆ ಫ್ಯಾನ್.’