ಅದು ನೀನಲ್ವೇನೇ?

ಭಾನುವಾರ ಮಧ್ಯಾಹ್ನ ಅಮ್ಮ ಕೇಳಿದ ಒಂದು ಮಾತು ಇವತ್ತಿಗೂ ಕಿವಿಯಿಂದ ಹೋಗಿಲ್ಲ.

ಹಾಸನದ ಮನೆ. ಊಟ ಮುಗಿಸಿ ಇಬ್ಬರೂ ಹಾಲ್‌ನಲ್ಲಿ ಕೂತಿದ್ದೆವು. ಅಮ್ಮ ಮೊರ ಮುಂದಿಟ್ಟುಕೊಂಡು ಅವರೆಕಾಯಿ ಸುಲಿಯುತ್ತಿದ್ದಳು. ಟೀವಿ ಮೇಲಿನ ಗೋಡೆಯಲ್ಲಿದ್ದ ಕ್ಯಾಮೆರಾ ಸಣ್ಣಗೆ ಗುಂಯ್ ಅಂತ ಸದ್ದು ಮಾಡಿ ಬಾಗಿಲ ಕಡೆಯಿಂದ ನಮ್ಮ ಕಡೆ ತಿರುಗಿತು. ಅಮ್ಮ ಅದನ್ನು ನೋಡಿ ನಕ್ಕಳು. ಆಮೇಲೆ ಪಕ್ಕದಲ್ಲೇ ಕೂತಿದ್ದ ನನ್ನನ್ನು ನೋಡಿದಳು. ನನ್ನ ಫೋನ್ ಒಳಗಿನ ರೂಮಿನಲ್ಲಿ ಚಾರ್ಜಿಗೆ ಇತ್ತು.

"ನೀನು ಇಲ್ಲೇ ಇದೀಯ. ಮತ್ತೆ ಅದ್ಹೇಗೆ ತಿರುಗ್ತು? ದಿನಾ ತಿರುಗಿಸ್ತಿದ್ದಿದ್ದು ನೀನಲ್ವೇನೇ?"

ನಾನಲ್ಲ. ಕ್ಯಾಮೆರಾ ಹಾಕಿಸಿ ಐದು ತಿಂಗಳಾಯಿತು. ನಾನು ಆ್ಯಪ್ ತೆರೆದದ್ದು ಹತ್ತು ಸಲ ಇರಬಹುದು. ಹೇಳದೆ ಕೇಳದೆ ಅಮ್ಮನನ್ನು ನೋಡಲು ಮನಸ್ಸು ಒಪ್ಪುತ್ತಿರಲಿಲ್ಲ. ಅಮ್ಮ ಬಿದ್ದುಗಿದ್ದರೆ ಗೊತ್ತಾಗಲಿ ಅಂತಷ್ಟೇ ಹಾಕಿಸಿದ್ದು. ಆದರೆ ಅಮ್ಮ ಅದು ತಿರುಗಿದಾಗಲೆಲ್ಲ ನಾನೇ ಬಂದೆ ಅಂದುಕೊಂಡಿದ್ದಳು. "ಊಟ ಆಯ್ತು ಕಣೇ", "ಬಿಪಿ ಮಾತ್ರೆ ತಗೊಂಡೆ" ಅಂತ ಅದಕ್ಕೆ ಹೇಳುತ್ತಿದ್ದಳಂತೆ. ಒಂದು ಸಲ ಹೊಸ ಸೀರೆಯ ಸೆರಗು ಬಿಡಿಸಿ ತೋರಿಸಿದ್ದಳಂತೆ. "ಕೆಲಸದ ಮಧ್ಯೆನೂ ನನ್ನ ನೋಡ್ತೀಯಲ್ಲ ಅಂತ ಖುಷಿ ಆಗ್ತಿತ್ತು" ಅಂದಳು. ಸುಲಿದ ಕಾಳು ಕೈಯಲ್ಲೇ ಹಿಡಿದುಕೊಂಡಿದ್ದಳು.

ಎದ್ದು ಮೊದಲು ಕ್ಯಾಮೆರಾದ ಪ್ಲಗ್ ಕಿತ್ತೆ. ಆಮೇಲೆ ಆ್ಯಪ್ ತೆರೆದು ಕೂತೆ. ಮನುಷ್ಯರು ಓಡಾಡಿದಂತೆ ತಾನೇ ತಿರುಗುವ ಸೌಲಭ್ಯ ಅದರಲ್ಲಿದೆ, ಆದರೆ ಅದು ಆಫ್ ಆಗಿತ್ತು. ಇನ್ನೊಂದು ವಿಷಯವೂ ಕಣ್ಣಿಗೆ ಬಿತ್ತು. ಆ ಕ್ಯಾಮೆರಾದ ಒಡೆತನ ನನ್ನ ಹೆಸರಿನಲ್ಲಿ ಇರಲೇ ಇಲ್ಲ. ಹಾಕಲು ಬಂದ ಹುಡುಗ ಅದನ್ನು ತಮ್ಮ ಅಂಗಡಿಯ ನಂಬರಿನಲ್ಲಿ ನೋಂದಾಯಿಸಿ ನನಗೆ ಬರೀ ಶೇರ್ ಮಾಡಿದ್ದ. ಇನ್ನೂ ಯಾರ್ಯಾರಿಗೆ ಶೇರ್ ಆಗಿದೆ ಅಂತ ನೋಡುವ ಹಕ್ಕು ಕೂಡ ನನಗಿಲ್ಲ.

ಅಂಗಡಿಯವರಿಗೆ ಫೋನ್ ಮಾಡಿದೆ. "ನಮ್ಮ ಹುಡುಗ್ರು ಚೆಕ್ ಮಾಡಿರ್ತಾರೆ ಮೇಡಂ, ಆನ್‌ಲೈನ್ ಇದೆಯಾ ಇಲ್ವಾ ಅಂತ. ಅಮ್ಮೋರು ಒಬ್ರೇ ಇರ್ತಾರಲ್ವಾ" ಅಂದರು. ಕೇಳುತ್ತಾ ಹೋದಂತೆ ಒಂದೊಂದೇ ಹೊರಬಂತು. ಅವರು ಕ್ಯಾಮೆರಾ ಹಾಕಿದ ಎಲ್ಲ ಮನೆಗಳೂ ಅದೇ ಒಂದು ಖಾತೆಯಲ್ಲಿವೆ. ಪಾಸ್‌ವರ್ಡ್ ಅಂಗಡಿಯ ಹೆಸರು, ಮುಂದೆ 123. ಅದು ಹುಡುಗರಿಗೆಲ್ಲ ಗೊತ್ತು. ಇಬ್ಬರು ಕೆಲಸ ಬಿಟ್ಟು ಹೋಗಿದ್ದಾರೆ. ಪಾಸ್‌ವರ್ಡ್ ಬದಲಾಗಿಲ್ಲ.

ಆ ಅಂಗಡಿಯವರು ಕೆಟ್ಟವರಲ್ಲ. ಹೋದ ಮಳೆಗಾಲದಲ್ಲಿ ಯುಪಿಎಸ್ ಕೆಟ್ಟಾಗ ರಾತ್ರಿ ಒಂಬತ್ತಕ್ಕೆ ನೆನೆದುಕೊಂಡು ಬಂದು ಸರಿಮಾಡಿ, ಅಮ್ಮ ಕೊಟ್ಟ ಕಾಫಿ ಕುಡಿದು ಹೋಗಿದ್ದರು. ಆದರೆ ಊರಿನ ಅಷ್ಟೊಂದು ಮನೆಗಳ ಒಳಗನ್ನು ಒಂದೇ ಫೋನಿನಲ್ಲಿ ಇಟ್ಟುಕೊಂಡು ಓಡಾಡುವುದು ತಪ್ಪು ಅಂತ ಅವರಿಗೆ ಅನಿಸಿಯೇ ಇಲ್ಲ. ನನಗೆ ಭಯವಾದದ್ದು ಅದಕ್ಕೆ.

ನನಗಾದರೂ ಗೊತ್ತಿರಬೇಕಿತ್ತು. 2016ರ ಅಕ್ಟೋಬರ್ 21, ಶುಕ್ರವಾರ ಸಂಜೆ ಬೆಂಗಳೂರಿನ ಆಫೀಸಿನಲ್ಲಿ ನಾವು ಕೋಡ್ ಇಡುವ ಗಿಟ್‌ಹಬ್ ತಾಣ ತೆರೆಯದೆ ಕೈಕಟ್ಟಿ ಕೂತವರಲ್ಲಿ ನಾನೂ ಒಬ್ಬಳು. ವೆಬ್‌ಸೈಟ್‌ಗಳ ವಿಳಾಸ ಹುಡುಕಿಕೊಡುವ ಅಮೆರಿಕದ ಡೈನ್ ಎಂಬ ಕಂಪನಿಯ ಮೇಲೆ ದಾಳಿಯಾಗಿ ಟ್ವಿಟರ್, ನೆಟ್‌ಫ್ಲಿಕ್ಸ್ ಎಲ್ಲ ಮುಗ್ಗರಿಸಿದ್ದವು. ದಾಳಿಗೆ ಬಳಕೆಯಾದದ್ದು ಜನರ ಮನೆಯ ಕ್ಯಾಮೆರಾ, ಅದರ ದೃಶ್ಯ ಉಳಿಸಿಡುವ ಡಿವಿಆರ್, ಇಂಟರ್ನೆಟ್ ರೌಟರ್‌ಗಳು. ಮಿರಾಯ್ ಅನ್ನುವ ಕುತಂತ್ರಾಂಶ ಅವುಗಳ ಒಳಗೆ ಹೋಗಲು ದೊಡ್ಡ ವಿದ್ಯೆಯನ್ನೇನೂ ಬಳಸಿರಲಿಲ್ಲ. ಕಾರ್ಖಾನೆಯಿಂದಲೇ ಬಂದ ಅರವತ್ತು ಚಿಲ್ಲರೆ ಹೆಸರು–ಪಾಸ್‌ವರ್ಡ್ ಜೋಡಿಗಳ ಪಟ್ಟಿ ಅದರ ಬಳಿ ಇತ್ತು. ಅಡ್ಮಿನ್–ಅಡ್ಮಿನ್, ರೂಟ್–123456, ರೂಟ್–888888. ಒಂದಾದ ಮೇಲೊಂದು ಹಾಕಿ ನೋಡುತ್ತಿತ್ತು, ಬಾಗಿಲು ತೆರೆಯುತ್ತಿತ್ತು. ಅದನ್ನು ಬರೆದ ಮೂವರು ಹುಡುಗರು 2017ರ ಡಿಸೆಂಬರ್‌ನಲ್ಲಿ ತಪ್ಪೊಪ್ಪಿಕೊಂಡ ಸುದ್ದಿಯನ್ನೂ ಓದಿದ್ದೆ. ಇಷ್ಟೆಲ್ಲ ತಿಳಿದೂ ಹಾಸನದಿಂದ ಆ ಹುಡುಗ ಫೋನಿನಲ್ಲಿ "ಶೇರ್ ಮಾಡಿದೀನಿ ಮೇಡಂ, ಬರ್ತಿದೆಯಾ ನೋಡಿ" ಅಂದಾಗ, ಮೀಟಿಂಗ್ ಮಧ್ಯೆ "ಹ್ಞೂಂ, ಬರ್ತಿದೆ" ಅಂದು ಇಟ್ಟಿದ್ದೆ.

ಎಲ್ಲ ಉಪಕರಣಕ್ಕೂ ಒಂದೇ ಸುಲಭದ ಪಾಸ್‌ವರ್ಡ್ ಹಾಕಿ ಮಾರುವುದನ್ನು ಬ್ರಿಟನ್ 2024ರ ಏಪ್ರಿಲ್‌ನಿಂದ ಕಾನೂನಿನಲ್ಲೇ ನಿಷೇಧಿಸಿದೆ. ಅದೇ ತಿಂಗಳು ನಮ್ಮ ಕೇಂದ್ರ ಸರ್ಕಾರವೂ ಸಿಸಿಟಿವಿ ಕ್ಯಾಮೆರಾಗಳಿಗೆ ಭದ್ರತಾ ಪರೀಕ್ಷೆಯ ನಿಯಮ ತಂದಿತು. ಬೇಕಾದ ನಿಯಮಗಳೇ. ಆದರೆ ಅವು ನೋಡುವುದು ಯಂತ್ರವನ್ನು. ಗೋಡೆಗೆ ಮೊಳೆ ಹೊಡೆದ ಮೇಲೆ ಅದರ ಕೀಲಿಕೈ ಯಾರ ಜೇಬಿಗೆ ಹೋಯಿತು ಅಂತ ಯಾರು ನೋಡುತ್ತಾರೆ? ಬೀಗ ರಿಪೇರಿ ಮಾಡಲು ಬಂದವರು ಒಂದು ಕೀ ಇಟ್ಟುಕೊಂಡು ಹೋದರೆ ಬಿಡುತ್ತೇವಾ? ಇಲ್ಲಿ ಮಾತ್ರ ನಾವೇ ಕೊಟ್ಟು ಕಳಿಸುತ್ತೇವೆ, ಕೊಟ್ಟಿದ್ದೇವೆ ಅನ್ನುವುದೂ ಗೊತ್ತಿರುವುದಿಲ್ಲ.

ಸಂಜೆ ಅಂಗಡಿಗೇ ಹೋದೆ. ಕ್ಯಾಮೆರಾದ ಗುಂಡಿ ಒತ್ತಿ ರೀಸೆಟ್ ಮಾಡಿದರಷ್ಟೇ ಸಾಲುವುದಿಲ್ಲ. ಮೊದಲ ಖಾತೆಯಿಂದ ಅವರೇ ತೆಗೆಯಬೇಕು. ನನ್ನ ಎದುರಿಗೇ ತೆಗೆಸಿದೆ. ಅವರು ಪಟ್ಟಿ ಸರಿಸುತ್ತಾ ಹೋದಾಗ ಬೇರೆಯವರ ಮನೆಗಳು ಸಣ್ಣ ಸಣ್ಣ ಚೌಕಗಳಲ್ಲಿ ಹಾದುಹೋದವು. ಒಂದು ತುಳಸಿಕಟ್ಟೆ. ಒಂದು ತೊಟ್ಟಿಲು. ನಾನು ಮುಖ ತಿರುಗಿಸಿದೆ. "ಇವರಿಗೆಲ್ಲ ಅವರವರ ಖಾತೆ ಮಾಡಿಕೊಡಿ, ದಯವಿಟ್ಟು" ಅಂದೆ. "ಆಯ್ತು ಮೇಡಂ, ನಿಧಾನಕ್ಕೆ ಮಾಡ್ತೀವಿ" ಅಂದರು. ಮುಂದಿನ ಭಾನುವಾರ ಮತ್ತೆ ಹೋಗಿ ಕೇಳುತ್ತೇನೆ.

ನನ್ನ ಖಾತೆ, ಹೊಸ ಪಾಸ್‌ವರ್ಡ್ ಹಾಕಿ ಕ್ಯಾಮೆರಾವನ್ನು ಹೊರಬಾಗಿಲಿಗೆ ಹಾಕಿಸಿದೆ. ಹಾಲ್ ಗೋಡೆಯಲ್ಲಿ ಎರಡು ತೂತು ಉಳಿದಿವೆ. ಅಮ್ಮ ಅಲ್ಲಿಗೆ ಕ್ಯಾಲೆಂಡರ್ ನೇತುಹಾಕಿದಳು.

ಬುಧವಾರ ರಾತ್ರಿ ಎಂಟೂವರೆಗೆ ಅಮ್ಮನ ಫೋನ್ ಬಂತು. "ಊಟ ಆಯ್ತು ಕಣೇ. ಮಾತ್ರೆನೂ ತಗೊಂಡೆ." ಸ್ವಲ್ಪ ಹೊತ್ತು ಸುಮ್ಮನಿದ್ದು, "ಇದು ನೀನೇ ಅಲ್ವಾ?" ಅಂದಳು.