ಹಳೆಯ ನುಡಿ ಕಡತಗಳನ್ನು ಯೂನಿಕೋಡ್‌ಗೆ ತರುವಾಗ ಎಲ್ಲಿ ಕೆಡುತ್ತದೆ?

ಸರ್ಕಾರದ ದತ್ತಾಂಶ ಕ್ಲೌಡ್‌ನಲ್ಲಿರಬೇಕೋ ಸ್ವಂತ ಡೇಟಾ ಸೆಂಟರ್‌ನಲ್ಲೋ, ಮುಕ್ತ ತಂತ್ರಾಂಶ ಬಳಸಬೇಕೋ ಲೈಸೆನ್ಸ್ ಕೊಳ್ಳಬೇಕೋ ಎಂಬ ವಾದ ತಂತ್ರಜ್ಞಾನದ ಆಸಕ್ತರು ಸೇರಿದಲ್ಲೆಲ್ಲ ನಡೆಯುತ್ತದೆ. ಕನ್ನಡ ಕಡತಗಳ ಮಟ್ಟಿಗೆ ಅದಕ್ಕೂ ಮೊದಲು ನೋಡಬೇಕಾದದ್ದು ಒಳಗಿನ ಅಕ್ಷರ ಯಾವ ಸಂಕೇತದಲ್ಲಿದೆ ಎಂಬುದನ್ನು. ಕನ್ನಡ ಟೈಪಿಂಗ್ ತಂತ್ರಾಂಶಗಳಾದ ನುಡಿ, ಬರಹದ ಹಳೆಯ ಫಾಂಟ್‌ಗಳಲ್ಲಿ ಟೈಪಿಸಿದ ಸುತ್ತೋಲೆಯಲ್ಲಿ ಕಂಪ್ಯೂಟರಿನ ಪಾಲಿಗೆ ಕನ್ನಡವೇ ಇಲ್ಲ. ಇರುವುದೆಲ್ಲ ಲ್ಯಾಟಿನ್ ಅಕ್ಷರ. ಕನ್ನಡದ ಆಕಾರ ಕೊಡುವುದು ಫಾಂಟ್ ಮಾತ್ರ. ಕೇಂದ್ರ ಸರ್ಕಾರ 2009ರಲ್ಲೇ, ಪ್ರತಿ ಭಾಷೆಯ ಅಕ್ಷರಕ್ಕೂ ತನ್ನದೇ ಸಂಕೇತ ಕೊಡುವ ಯೂನಿಕೋಡನ್ನು ಇ-ಆಡಳಿತದ ಮಾನದಂಡವಾಗಿ ಪ್ರಕಟಿಸಿತು. 2005ರ ಮಾಹಿತಿ ಹಕ್ಕು ಕಾಯ್ದೆಯ 4ನೇ ಸೆಕ್ಷನ್ ದಾಖಲೆಗಳನ್ನು ಸೂಚಿ ಸಮೇತ ಇಡಬೇಕು ಎನ್ನುತ್ತದೆ. ಹುಡುಕಿದರೆ ಸಿಗದ ಕಡತ ಸರ್ವರ್‌ನಲ್ಲಿದ್ದೂ ನಾಗರಿಕನಿಗೆ ಇಲ್ಲದಂತೆಯೇ.

ಯೂನಿಕೋಡ್ ಮೂರು ಪಟ್ಟು ಜಾಗ ತಿನ್ನುತ್ತದೆ ಎಂಬ ಆಕ್ಷೇಪವನ್ನು ಲೆಕ್ಕ ಹಾಕಿಯೇ ನೋಡಬಹುದು. ‘ಸರ್ಕಾರ’ ಎಂಬುದು ಯೂನಿಕೋಡ್‌ನಲ್ಲಿ 6 ಸಂಕೇತ, ಯುಟಿಎಫ್-8ರಲ್ಲಿ (ಆ ಸಂಕೇತಗಳನ್ನು ಬೈಟ್‌ಗಳಾಗಿ ಬರೆದಿಡುವ ವಿಧಾನ) ತಲಾ 3ರಂತೆ 18 ಬೈಟ್. ನುಡಿಯ ಹಳೆಯ ಫಾಂಟ್‌ನಲ್ಲಿ ಅದು 7 ಚಿಹ್ನೆ, ಅಂದರೆ 7 ಬೈಟ್. ಆದರೆ ಅದನ್ನೇ ಇಂದಿನ ವರ್ಡ್ ಕಡತದಲ್ಲಿ ಉಳಿಸಿದರೆ ಅವುಗಳಲ್ಲಿ 5 ಚಿಹ್ನೆಗಳು ತಲಾ 2 ಬೈಟ್ ಹಿಡಿದು ಒಟ್ಟು 12 ಆಗುತ್ತದೆ. ವ್ಯತ್ಯಾಸ 6 ಬೈಟ್, ಅದೂ ಕಡತ ಜಿಪ್ ಆಗಿ ಕುಗ್ಗುವ ಮೊದಲು. ಒಂದು ಎ4 ಹಾಳೆಯನ್ನು 300 ಡಿಪಿಐನಲ್ಲಿ ಗ್ರೇಸ್ಕೇಲ್ ಸ್ಕ್ಯಾನ್ ಮಾಡಿದರೆ ಕುಗ್ಗಿಸುವ ಮುನ್ನ ಸುಮಾರು 87 ಲಕ್ಷ ಬೈಟ್. ಜಾಗದ ಚಿಂತೆ ಇರುವವರು ಮುದ್ರಿಸಿ ಮತ್ತೆ ಸ್ಕ್ಯಾನ್ ಮಾಡುವ ಪದ್ಧತಿಯನ್ನು ಮೊದಲು ನಿಲ್ಲಿಸಬೇಕು.

ಪರಿವರ್ತನೆಯಲ್ಲಿ ಹೆಚ್ಚು ಹಾನಿಯಾಗುವುದು ಇಡೀ ಪಠ್ಯವನ್ನು ಒಮ್ಮೆಗೇ ಪರಿವರ್ತಕಕ್ಕೆ ಸುರಿದಾಗ. ಕನ್ನಡದ ನಡುವಿನ ಇಂಗ್ಲಿಷ್ ಪದಗಳೂ, ಇಮೇಲ್ ವಿಳಾಸಗಳೂ ಅರ್ಥವಿಲ್ಲದ ಕನ್ನಡವಾಗಿಬಿಡುತ್ತವೆ. ವರ್ಡ್‌ನ ಡಾಕ್ಸ್ ಕಡತ ಜಿಪ್ ಪೊಟ್ಟಣವಷ್ಟೇ. ಒಳಗಿನ ಎಕ್ಸ್‌ಎಂಎಲ್‌ನಲ್ಲಿ (ಗುರುತು ಹಚ್ಚಿದ ಪಠ್ಯ) ಪ್ರತಿ ತುಣುಕಿಗೂ ಫಾಂಟ್ ಹೆಸರು ನೇರವಾಗಿಯೋ ಸ್ಟೈಲ್ ಮೂಲಕವೋ ಸಿಗುತ್ತದೆ. ನುಡಿಯ ಹಳೆಯ ಫಾಂಟ್ ಹೆಸರಿರುವ ತುಣುಕನ್ನು ಮಾತ್ರ ಬದಲಿಸಿ. ಹಳೆಯ ಡಾಕ್ ಕಡತವಿದ್ದರೆ ಲಿಬ್ರೆ ಆಫೀಸ್‌ನಲ್ಲಿ ಮೊದಲು ಡಾಕ್ಸ್ ಮಾಡಿಕೊಳ್ಳಿ. ಎಕ್ಸೆಲ್ ಹಾಳೆಯನ್ನಂತೂ ಸಿಎಸ್‌ವಿ ಮಾಡಲೇಬೇಡಿ. ಅದು ಬರೀ ಪಠ್ಯದ ಕಡತ; ಅಲ್ಲಿ ಫಾಂಟ್ ಮಾಹಿತಿ ಅಳಿಸಿಹೋಗುತ್ತದೆ, ಆಮೇಲೆ ಯಾವ ಕೋಶ ಕನ್ನಡ, ಯಾವುದು ಇಂಗ್ಲಿಷ್ ಎಂದು ಊಹಿಸುತ್ತಾ ಕೂರಬೇಕು.

ಇನ್ನು ಕ್ರಮ. ಹಳೆಯ ಫಾಂಟ್‌ನಲ್ಲಿ ಅಕ್ಷರಗಳು ಕಣ್ಣಿಗೆ ಕಾಣುವ ಸಾಲಿನಲ್ಲೇ ಕೂತಿರುತ್ತವೆ: ‘ಸರ್ಕಾರ’ದ ಅರ್ಕಾವತ್ತು ‘ಕಾ’ ಆದ ಮೇಲೆ. ಯೂನಿಕೋಡ್‌ನಲ್ಲಿ ‘ರ್’ ಮುಂಚೆ ಬರಬೇಕು. ‘ಪ್ರಿ’ಯಲ್ಲಿ ಹಳೆಯ ಕ್ರಮ ಪಿ, ನಂತರ ರ-ವತ್ತು, ಹೊಸದರಲ್ಲಿ ಗುಣಿತದ ಚಿಹ್ನೆ ವತ್ತಿನ ಆಚೆಗೆ ಹೋಗಬೇಕು. ಪರಿವರ್ತಕವನ್ನು ಪರೀಕ್ಷಿಸಲು ‘ಕನ್ನಡ’ ಸಾಲದು. ಅರ್ಕಾವತ್ತು, ಎರಡು ಒತ್ತು ಎಲ್ಲ ಇರುವ ‘ಕಾರ್ಯದರ್ಶಿ’, ‘ಸ್ತ್ರೀ’, ‘ಪ್ರೀತ್ಯರ್ಥ’ದಂಥ ಪದಗಳನ್ನು ಕೊಟ್ಟು ನೋಡಿ.

ಹೊಸದಾಗಿ ಟೈಪಿಸಿದ ಯೂನಿಕೋಡ್ ದತ್ತಾಂಶವೂ ಶುದ್ಧವಾಗಿರುತ್ತದೆ ಎಂದುಕೊಳ್ಳಬೇಡಿ. ‘ಬೆ೦ಗಳೂರು’ ಮತ್ತು ‘ಬೆಂಗಳೂರು’ ನೋಡಲು ಒಂದೇ. ಮೊದಲನೆಯದರಲ್ಲಿರುವುದು ಅನುಸ್ವಾರವಲ್ಲ, ಕನ್ನಡದ ಅಂಕಿ ಸೊನ್ನೆ. ಎನ್‌ಎಫ್‌ಸಿ (ಒಂದೇ ಅಕ್ಷರದ ಬೇರೆ ಬೇರೆ ಸಂಕೇತ ರೂಪಗಳನ್ನು ಒಂದಾಗಿಸುವ ಯೂನಿಕೋಡ್ ಕ್ರಮ) ಮಾಡಿದರೂ ಇದು ಸರಿಯಾಗದು. ಅಕ್ಷರದ ಬೆನ್ನಿಗೆ ಬಂದ, ಪಕ್ಕದಲ್ಲಿ ಬೇರೆ ಅಂಕಿಯಿಲ್ಲದ ಸೊನ್ನೆಯನ್ನು ಅನುಸ್ವಾರವಾಗಿಸುವ ನಿಯಮವನ್ನು ಪ್ರತ್ಯೇಕವಾಗಿ ಬರೆಯಬೇಕು. ‘ಕೋ’ ಒಂದೇ ಸ್ವರಚಿಹ್ನೆಯಾಗಿಯೂ ಬಿಡಿಬಿಡಿ ತುಂಡುಗಳಾಗಿಯೂ ಬರಬಹುದು. ಎನ್‌ಎಫ್‌ಸಿ ಬೇಕಾಗುವುದು ಇಲ್ಲಿ. ‘ರಾಜ್‌ಕುಮಾರ್’ ಹೆಸರಿನ ನಡುವೆ ಕಾಣದ ಬೇರ್ಪಡಿಕೆ ಸಂಕೇತವಿದೆ. ಅದನ್ನು ಅಳಿಸಿದರೆ ಹೆಸರು ‘ರಾಜ್ಕುಮಾರ್’ ಆಗುತ್ತದೆ, ಇಟ್ಟರೆ ಹುಡುಕಾಟ ತಪ್ಪುತ್ತದೆ. ಹಾಗಾಗಿ ಡೇಟಾಬೇಸ್‌ನಲ್ಲಿ ತೋರಿಸಲು ಒಂದು ಕಾಲಂ, ಹುಡುಕಲು ಈ ಸಂಕೇತಗಳನ್ನು ತೆಗೆದ ಇನ್ನೊಂದು ಕಾಲಂ ಇಡುವುದೇ ಸರಿ.

ಒರಾಕಲ್, ಪೋಸ್ಟ್‌ಗ್ರೆಸ್‌ನಂಥ ಡೇಟಾಬೇಸ್‌ಗಳ ಕಾಲಂ ಅಳತೆಯಲ್ಲೂ ಎಡವುವವರಿದ್ದಾರೆ. ಒರಾಕಲ್‌ನಲ್ಲಿ ವಾರ್‌ಚಾರ್2 (ಪಠ್ಯ ಇಡುವ) ಕಾಲಂಗೆ 50 ಎಂದು ಬರೆದರೆ ಸಾಮಾನ್ಯವಾಗಿ ಅದು 50 ಬೈಟ್. ‘ಲಕ್ಷ್ಮೀನರಸಿಂಹಯ್ಯ’ ಒಂದೇ ಹೆಸರಿಗೆ 48 ಬೈಟ್ ಮುಗಿಯಿತು; ಮುಂದೆ ‘ಕೆ.’ ಸೇರಿಸಿದರೆ ದೋಷ ಬರುತ್ತದೆ. ಅಳತೆಯ ಪಕ್ಕದಲ್ಲಿ ‘ಚಾರ್’ ಎಂದು ನಮೂದಿಸಿ. ಪೋಸ್ಟ್‌ಗ್ರೆಸ್‌ನಲ್ಲಿ ಎಣಿಕೆಯೇ ಸಂಕೇತಗಳ ಲೆಕ್ಕದಲ್ಲಿ, ಅಲ್ಲಿ ಈ ತೊಂದರೆಯಿಲ್ಲ.

ಪರಿವರ್ತಿಸಿದ ಮೇಲೂ ಮೂಲ ಕಡತ ಎಸೆಯಬೇಡಿ. ಅದರ ಎಸ್‌ಎಚ್‌ಎ-256 ಮೊತ್ತ (ಕಡತ ಒಂದಿಷ್ಟು ಬದಲಾದರೂ ಬೇರೆಯಾಗುವ ಗುರುತು ಸಂಖ್ಯೆ) ಬರೆದಿಟ್ಟು, ಅದೇ ಫಾಂಟ್ ಅಡಕವಾದ ಪಿಡಿಎಫ್ ಒಂದನ್ನು ಜೊತೆಗಿಡಿ. ಸರ್ವೆ ನಂಬರಿನಲ್ಲೋ ಹೆಸರಿನಲ್ಲೋ ತಕರಾರು ಬಂದರೆ ಹೋಲಿಸಿ ನೋಡಲು ಅದು ಬೇಕಾಗುತ್ತದೆ.